ಬಾಣ ಹೊಡೆದದ್ದು ಹೊಲಿಸೋಕೆ

ಬಾಣದಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅನ್ನುವವರಿದ್ದಾರೆ. ಸುಳ್ಳು. ಮೂಗಿನ ತುದಿಯಲ್ಲಿರುವುದು ಕನ್ನಡಕ. ಸಿಟ್ಟು ಇರುವುದು ಹೊಟ್ಟೆಯಲ್ಲಿ. ಅದು ಅಲ್ಲಿ ಯಾಕೆ ಹೋಗಿ ಕೂತಿತು ಅಂತ ಗೊತ್ತಿಲ್ಲದವರು ಬಾಯಿಗೆ ಬಂದ ಹಾಗೆ ಆಡಿಕೊಳ್ಳಬಾರದು.

ಹೆಸರು ಬಂದದ್ದು ಕೆಂಪು ಕಾಗದದ ಬಾಣಗಳಿಂದ. ಕಿರುಬೆರಳಿನ ಉಗುರಿನಷ್ಟು ಉದ್ದ, ಹಿಂದೆ ಅಂಟು. ಅವಳು ಮೂವತ್ತೊಂದು ವರ್ಷ ಬಟ್ಟೆ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ ಮುಂದೆ ನಿಂತವಳು. ಹೊಲಿಗೆ ಯಂತ್ರಗಳ ಲೈನಿನ ಕೊನೆಗೆ ಶರ್ಟು ಬರುತ್ತಿತ್ತು. ಒಳಗೆ ಹೊರಗೆ ತಿರುವಿ, ಕಾಲರು, ಕಂಕುಳು, ಗುಂಡಿಮನೆ ಎಲ್ಲ ಬೆರಳಲ್ಲಿ ಸವರಿ, ಹೊಲಿಗೆ ತಪ್ಪಿದ ಕಡೆ ಒಂದು ಬಾಣ ಅಂಟಿಸಿ, ಎಡಗಡೆಯ ಬುಟ್ಟಿಗೆ ಹಾಕಬೇಕು. ಅದು ಆಲ್ಟರ್ ಬುಟ್ಟಿ. ಟೈಲರ್ ಬಂದು ಬುಟ್ಟಿ ಎತ್ತಿಕೊಂಡು ಹೋಗಿ, ಬಾಣ ಇದ್ದಲ್ಲಿ ಬಿಚ್ಚಿ ಹೊಲಿದು ವಾಪಸ್ ತರುತ್ತಿದ್ದಳು. ಬಾಣ ಕಿತ್ತರೆ ಶರ್ಟು ಪಾಸ್. ಬಲಗಡೆ ಇನ್ನೊಂದು ಬುಟ್ಟಿ ಇತ್ತು, ರಿಜೆಕ್ಟ್ ಬುಟ್ಟಿ. ಬಟ್ಟೆಯೇ ಹರಿದಿದ್ದರೆ ಮಾತ್ರ ಅದಕ್ಕೆ. ಅದಕ್ಕೆ ಒಂದು ಶರ್ಟು ಬೀಳಬೇಕಾದರೂ ಬಾಣದಮ್ಮ ಮೇಲಿನವರ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದಳು. “ಬಾಣ ಹೊಡೆದದ್ದು ಹೊಲಿಸೋಕೆ ಸಾರ್, ಬಿಸಾಕೋಕಲ್ಲ” ಅನ್ನುವುದು ಅವಳ ಮಾತು. ಲೈನಿನ ಹುಡುಗಿಯರು ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದರು, ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು.

ಕೆಲಸ ಬಿಟ್ಟ ದಿನ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಬಾಣ ಕೊಟ್ಟು ಕಳಿಸಿದರು. ಅದೇ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಯಜಮಾನರು ತೀರಿಕೊಂಡ ಮೇಲೆ, ಆ ಡಬ್ಬಿ ಸಮೇತ ಅವಳು ನಿವೃತ್ತರ ಬಡಾವಣೆಗೆ ಬಂದಳು. ಗೇಟಿನ ಮೇಲೆ “ಚಟುವಟಿಕೆಯ ಹಿರಿಯರ ವಸತಿ” ಅಂತ ಬೋರ್ಡು. ಚಟುವಟಿಕೆ ಅಂದರೆ ಚಟುವಟಿಕೆಯೇ, ತಮಾಷೆಯಲ್ಲ. ಸ್ವಂತ ಕಾಲಲ್ಲಿ ನಡೆಯಬೇಕು, ಸ್ವಂತ ಒಲೆ ಹಚ್ಚಬೇಕು, ಸ್ವಂತ ಬಾಗಿಲಿಗೆ ಬೀಗ ಹಾಕಿಕೊಳ್ಳಬೇಕು. ಅಲ್ಲಿ ಇಬ್ಬರು ನಿಂತು ಮಾತಾಡಿದರೆ ಮೂರನೆಯವರು ಬಂದು ಅದನ್ನು ಸಮಿತಿ ಮಾಡುತ್ತಿದ್ದರು. ತೋಟಕ್ಕೆ ಸಮಿತಿ, ಪುಸ್ತಕಕ್ಕೆ ಸಮಿತಿ, ಕುರ್ಚಿ ಜೋಡಿಸುವುದಕ್ಕೂ ಒಂದು. ಬಾಣದಮ್ಮ ಯಾವುದಕ್ಕೂ ಸೇರದೆ ತನ್ನ ಪಾಡಿಗೆ ಡಬ್ಬಿ ಹಿಡಿದು ಓಡಾಡುತ್ತಿದ್ದಳು. ನಲ್ಲಿ ಸೋರಿದರೆ ಬಾಣ. ಮೆಟ್ಟಿಲ ಕಲ್ಲು ಅಲುಗಾಡಿದರೆ ಬಾಣ. ನಲ್ಲಿ ರಿಪೇರಿಯವನು, “ಅಮ್ಮಾ, ನೀವು ಮೊಸರಲ್ಲಿ ಕಲ್ಲು ಹುಡುಕ್ತೀರ” ಅಂತ ಗೊಣಗುತ್ತಲೇ ರಿಪೇರಿ ಮಾಡಿ ಹೋಗುತ್ತಿದ್ದ. “ಕಲ್ಲು ಇರೋದಕ್ಕೇ ಸಿಗ್ತಿದೆ, ಮುಚ್ಕೊಂಡು ತಿರುಪು ಬಿಗಿ ಮಾಡು” ಅಂತ ಇವಳು.

ಐದು ಬ್ಲಾಕು ಮುಂದೆ, ಆರನೆಯದು ಹಿಂದೆ. ಆರನೆಯದಕ್ಕೆ ವಿಶ್ರಾಂತಿ ವಿಭಾಗ ಅಂತ ಹೆಸರು. ಅಲ್ಲಿ ಕೋಣೆಗೆ ಒಲೆ ಇಲ್ಲ, ಬಾಗಿಲಿಗೆ ಒಳಗಿನ ಚಿಲಕ ಇಲ್ಲ, ಊಟ ತಟ್ಟೆಯಲ್ಲಿ ಬರುತ್ತದೆ. ಹೋದವರು ಮುಂದಿನ ಬ್ಲಾಕಿಗೆ ವಾಪಸ್ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸಂಜೆ ವಾಕಿಂಗ್ ಹೋಗುವವರು ಆ ಕಡೆಗೆ ಬಂದಾಗ ಮಾತು ಸ್ವಲ್ಪ ಜೋರು ಮಾಡುತ್ತಿದ್ದರು.

ಬಾಣದಮ್ಮನ ಎದುರು ಬಾಗಿಲಿನವರು ಟೀಚರ್. ಎಪ್ಪತ್ತೆಂಟು ವರ್ಷ, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಗಿರಿ ಮಾಡಿದವರು, ಕಂಚಿನ ಗಂಟೆಯಂಥ ದನಿ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ವಾಚನಾಲಯದಲ್ಲಿ, ಕಣ್ಣು ಮಂಜಾದ ಎಂಟು ಜನರನ್ನು ಸುತ್ತ ಕೂರಿಸಿಕೊಂಡು ಪೇಪರ್ ಓದುತ್ತಿದ್ದರು. ಬರೀ ಓದುವುದಲ್ಲ, ಮಂತ್ರಿಗಳ ಭಾಷಣ ಬಂದರೆ ನಡುವೆ ನಿಲ್ಲಿಸಿ, “ಈ ವಾಕ್ಯದಲ್ಲಿ ಕರ್ತೃ ಎಲ್ಲಿದ್ದಾನೆ, ಯಾರಾದರೂ ಹೇಳಿ ನೋಡೋಣ” ಅಂತ ಕೇಳುವುದು. ಎಂಟು ಜನಕ್ಕೂ ಅದು ದಿನದ ಊಟಕ್ಕಿಂತ ಹೆಚ್ಚು. ಟೀಚರಿಗೂ ಅಷ್ಟೆ. “ಆ ಒಂದು ಗಂಟೆ ಇದೆ ನೋಡು ಬಾಣ, ಅದಕ್ಕೋಸ್ಕರ ನಾನು ತಲೆ ಬಾಚ್ಕೊಳ್ಳೋದು” ಅಂತ ಅವರೇ ಹೇಳಿದ್ದರು.

ಎರಡು ವರ್ಷದ ಕೆಳಗೆ ಬಡಾವಣೆಯ ಅಧ್ಯಕ್ಷರು ನೆರೆಹೊರೆ ಸಮಿತಿ ಶುರು ಮಾಡಿದರು. ಅಧ್ಯಕ್ಷರು ಅಂದರೆ, ದೊಡ್ಡದೊಂದು ಕಾರ್ಖಾನೆಯಲ್ಲಿ ಆಳುಗಳನ್ನು ತೆಗೆದುಕೊಳ್ಳುವ, ತೆಗೆದುಹಾಕುವ ಆಫೀಸರ್ ಆಗಿದ್ದವರು. ಇಬ್ಬಿಬ್ಬರ ಜೋಡಿ ಮಾಡಿದರು. ವಾರಕ್ಕೊಂದು ಸಲ ಒಬ್ಬರು ಇನ್ನೊಬ್ಬರ ಮನೆಗೆ ಹೋಗಬೇಕು, ಕಂಡದ್ದನ್ನು ನೀಲಿ ಪುಸ್ತಕದಲ್ಲಿ ಬರೆಯಬೇಕು, ತಿಂಗಳ ಕೊನೆಗೆ ಆಫೀಸಿಗೆ ಕೊಡಬೇಕು. ತಮ್ಮ ಬಗ್ಗೆ ಏನು ಬರೆದಿದೆ ಅಂತ ಯಾರೂ ನೋಡುವ ಹಾಗಿಲ್ಲ. “ಕಂಡದ್ದು ಕಂಡ ಹಾಗೆ ಬರೀರಿ, ನೆರವು ಮನೆ ಬಾಗಿಲಿಗೇ ಬರುತ್ತೆ. ನಾವೆಲ್ಲ ಒಂದೇ ಕುಟುಂಬ” ಅಂತ ಕೈ ಮುಗಿದರು. ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಅಂತ ಆಗ ಯಾರಿಗೆ ಗೊತ್ತು?

ಬಾಣದಮ್ಮನಿಗೂ ಟೀಚರಿಗೂ ಜೋಡಿ ಬಿತ್ತು. ಬುಧವಾರ ಇವಳು ಅಲ್ಲಿಗೆ, ಶನಿವಾರ ಅವರು ಇಲ್ಲಿಗೆ. ಇವಳೋ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವವಳು. ಮೊದಲ ತಿಂಗಳೇ ಬರೆದಳು, “ಬಚ್ಚಲಲ್ಲಿ ಕಾಲು ಜಾರಿತು. ಗೋಡೆಗೆ ಹಿಡಿಕೆ ಬೇಕು.” ನಾಲ್ಕೇ ದಿನಕ್ಕೆ ಥಳಥಳ ಹೊಳೆಯುವ ಸ್ಟೀಲ್ ಹಿಡಿಕೆ ಬಂತು! ಬಾಣದಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಾಣ ಹೊಡೆದೆ, ಆಲ್ಟರ್ ಆಗಿ ಬಂತು. ಫ್ಯಾಕ್ಟರಿಯ ನ್ಯಾಯ ಇಲ್ಲೂ ಇದೆಯಲ್ಲ ಅಂದುಕೊಂಡಳು. ಅಲ್ಲಿಂದ ಮುಂದೆ ಒಂದನ್ನೂ ಬಿಡಲಿಲ್ಲ. “ಹಾಲು ಉಕ್ಕಿ ಒಲೆ ನಂದಿತ್ತು, ಗ್ಯಾಸ್ ಆಫ್ ಮಾಡಲು ಮರೆತಿದ್ದರು. ಗಂಟೆ ಹೊಡೆಯುವ ಗಡಿಯಾರ ಕೊಟ್ಟರೆ ಸರಿಹೋಗುತ್ತದೆ.” “ಒಂದೇ ಸುದ್ದಿ ಎರಡು ಸಲ ಓದಿದರು. ಓದಿದ್ದಕ್ಕೆ ಪೆನ್ಸಿಲ್ ಗುರುತು ಹಾಕಲು ಹೇಳಿದೆ, ಈಗ ತೊಂದರೆ ಇಲ್ಲ.” “ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಬಾಗಿಲ ಹಿಂದೆ ಮೊಳೆ ಹೊಡೆಯಬೇಕು.” ಹೀಗೆ ಎರಡು ವರ್ಷ.

ಒಂದು ಗುರುವಾರ ಟೀಚರ್ ಬಾಗಿಲು ತಟ್ಟಿದರು. ಕೈಯಲ್ಲಿ ಆಫೀಸಿನ ಕಾಗದ.

“ಬಾಣ, ನಿನ್ನ ಕನ್ನಡಕ ಹಾಕ್ಕೊಂಡು ಇದನ್ನ ಸ್ವಲ್ಪ ಓದು. ನಾನು ಎರಡು ಸಲ ಓದಿದೆ. ಪೆನ್ಸಿಲ್ ಗುರುತು ಹಾಕಿಯೇ ಓದಿದೆ.”

ನೆರೆಹೊರೆ ಸ್ವಯಂಸೇವಕರ ವರದಿಯ ಆಧಾರದ ಮೇಲೆ, ತಮ್ಮ ಸುರಕ್ಷತೆಯ ದೃಷ್ಟಿಯಿಂದ, ಬರುವ ಸೋಮವಾರ ತಮ್ಮನ್ನು ಆರನೇ ಬ್ಲಾಕಿಗೆ ಸ್ಥಳಾಂತರಿಸಲಾಗುವುದು. ಕೆಳಗೆ ಟೈಪ್ ಮಾಡಿದ ಪಟ್ಟಿ. ಕಾಲು ಜಾರಿತು. ಗ್ಯಾಸ್ ಆಫ್ ಮಾಡಲು ಮರೆತಿದ್ದರು. ಒಂದೇ ಸುದ್ದಿ ಎರಡು ಸಲ ಓದಿದರು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಇಪ್ಪತ್ತಮೂರು ವಾಕ್ಯ, ಎಲ್ಲವೂ ಬಾಣದಮ್ಮನದೇ. ಆದರೆ ಎಲ್ಲವೂ ಅರ್ಧ. ಗಡಿಯಾರ ಕೊಡಿ ಅಂದದ್ದು ಇಲ್ಲ, ಮೊಳೆ ಹೊಡೀರಿ ಅಂದದ್ದು ಇಲ್ಲ, ಈಗ ತೊಂದರೆ ಇಲ್ಲ ಅಂದದ್ದಂತೂ ಇಲ್ಲವೇ ಇಲ್ಲ. ಯಾರೋ ಕೂತು ಒಂದೊಂದೇ ವಾಕ್ಯದ ಬಾಲ ಕತ್ತರಿಸಿದ್ದರು.

ಬಾಣದಮ್ಮನ ಮೈಯೆಲ್ಲ ಉರಿದುಹೋಯಿತು. “ಇದು ನಾನು ಬರೆದದ್ದಲ್ಲ ಟೀಚರ್!”

“ನಿಂದೇ ಕಣೇ. ಟೈಪ್ ಮಾಡಿದ್ರೂ ಗೊತ್ತಾಗುತ್ತೆ. ಇಷ್ಟು ನೇರವಾಗಿ ಈ ಬಡಾವಣೆಯಲ್ಲಿ ಬೇರೆ ಯಾರು ಬರೀತಾರೆ?” ಅಂತ ಟೀಚರ್ ನಕ್ಕರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆ ನಗು ನೋಡಲಾಗದೆ ಇವಳು ಚಪ್ಪಲಿ ಹುಡುಕಿದಳು.

ಆಫೀಸಿನಲ್ಲಿ ಸೇವಾ ವಿಭಾಗದ ಮೇಡಂ ಕೂತಿದ್ದಳು. ಒಳ್ಳೆಯ ಮಾತಿನ ಹೆಂಗಸು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಬೇಕಾದದ್ದೊಂದನ್ನು ಬಿಟ್ಟು ಎಲ್ಲ ಕೊಟ್ಟಳು.

“ಆಂಟಿ, ಅಲ್ಲಿ ಅವರಿಗೆ ಯಾವ ಕಷ್ಟನೂ ಇರಲ್ಲ. ಎಲ್ಲ ನಾವೇ ನೋಡ್ಕೋತೀವಿ.”

“ಪೇಪರ್ ಓದೋದು?”

“ಅದು ಸ್ವಯಂಸೇವೆ ಅಲ್ವಾ? ಆರನೇ ಬ್ಲಾಕಿನವರು ಸ್ವಯಂಸೇವಕರ ಪಟ್ಟಿಯಲ್ಲಿ ಇರೋ ಹಾಗಿಲ್ಲ. ಅವರು ಸೇವೆ ತಗೋತಾರೆ ಆಂಟಿ, ಸೇವೆ ಕೊಡಲ್ಲ.”

“ನಾನು ಬರೆದದ್ದನ್ನ ಅರ್ಧಕ್ಕೆ ಕತ್ತರಿಸಿದವರು ಯಾರು?”

“ಫಾರಂನಲ್ಲಿ ಜಾಗ ಕಮ್ಮಿ ಇತ್ತು” ಅಂದಳು ಮೇಡಂ. ಆಮೇಲೆ, ತೀರ್ಮಾನ ಸಮಿತಿಯದು, ಶನಿವಾರ ಬೆಳಿಗ್ಗೆ ಸಭೆಯಲ್ಲಿ ಕೇಳಬಹುದು ಅಂದಳು.

ಜಾಗ ಕಮ್ಮಿ ಇತ್ತಂತೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಬ್ಬರ ಬಾಗಿಲು, ಒಲೆ, ಬೆಳಗಿನ ಹತ್ತು ಗಂಟೆ ಎಲ್ಲವನ್ನೂ ಕಿತ್ತುಕೊಳ್ಳುವುದಕ್ಕೆ ಕಾಗದದಲ್ಲಿ ಎರಡು ಬೆರಳಗಲ ಜಾಗ ಇಲ್ಲದಿದ್ದರೆ ಸಾಕಾಯಿತು. ಶುಕ್ರವಾರವಿಡೀ ಬಾಣದಮ್ಮ ಅನ್ನ ಮುಟ್ಟಲಿಲ್ಲ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಕೇಳಿದ್ದಳು. ಇವಳು ತೋರಿಸಿದ್ದು ಟೀಚರ ಕೈಯನ್ನು. ಆ ಸಿಟ್ಟು ಯಾರ ಮೇಲೆ ಅಂತ ಅವಳಿಗೇ ತಿಳಿಯುತ್ತಿರಲಿಲ್ಲ. ಅರ್ಧ ಅಧ್ಯಕ್ಷರ ಮೇಲೆ, ಅರ್ಧ ತನ್ನ ಬಲಗೈಯ ಮೇಲೆ.

ಶನಿವಾರ ಸಭೆಗೆ ಅರವತ್ತು ಜನ ಸೇರಿದ್ದರು. ಟೀಚರ್ ಹಿಂದಿನ ಸಾಲಿನಲ್ಲಿ ಕೂತಿದ್ದರು, ತಲೆ ನೀಟಾಗಿ ಬಾಚಿಕೊಂಡು. ಬಾಣದಮ್ಮ ಎದ್ದು ನಿಂತಳು.

“ಸಾರ್, ನಾನು ರಿಪೇರಿ ಮಾಡಿ ಅಂತ ಬರೆದೆ. ನೀವು ಮನುಷ್ಯರನ್ನೇ ಬಿಸಾಕ್ತಿದ್ದೀರ.”

“ಅಮ್ಮಾ, ಭಾವುಕರಾಗಬೇಡಿ” ಅಂದರು ಅಧ್ಯಕ್ಷರು, ಅದೇ ನಗುಮುಖದಲ್ಲಿ. “ಇಲ್ಲಿ ಯಾರೂ ಯಾರನ್ನೂ ಬಿಸಾಕ್ತಿಲ್ಲ. ನಿಮ್ಮದೇ ಬರಹ. ನಿಮ್ಮಷ್ಟು ಚೆನ್ನಾಗಿ ವರದಿ ಬರೆದವರು ಇನ್ನೊಬ್ಬರಿಲ್ಲ. ಎಲ್ಲರೂ ಇವರನ್ನ ನೋಡಿ ಕಲೀಬೇಕು.” ಮುಂದಿನ ಸಾಲಿನ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ! ಬಾಣದಮ್ಮ ಸೀದಾ ವೇದಿಕೆ ಹತ್ತಿದಳು. ಮೂವತ್ತೊಂದು ವರ್ಷದ ಕಣ್ಣು ಬಾಗಿಲಲ್ಲೇ ಹಿಡಿದಿತ್ತು, ಅಧ್ಯಕ್ಷರು ಶರ್ಟಿನ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದರು. ಕಾಲರಿನ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಅವಳು ಡಬ್ಬಿ ತೆಗೆದು, ಒಂದು ಕೆಂಪು ಬಾಣವನ್ನು ಅವರ ಎದೆಗೇ ಅಂಟಿಸಿದಳು.

“ಗುಂಡಿ ಹಾಕ್ಕೊಳ್ಳೋಕೆ ಬರಲಿಲ್ಲ ಇವತ್ತು ಇವರಿಗೆ. ಬರ್ಕೊಳ್ಳಿ! ಬಿಚ್ಚಿ ಹಾಕ್ಕೊಂಡ್ರೆ ಸರಿಹೋಗುತ್ತೆ ಅಂತ ನಾನು ಬರೀತೀನಿ, ಅದನ್ನ ನೀವು ಕತ್ತರಿಸ್ತೀರ. ಸೋಮವಾರ ಇವರೂ ಆರನೇ ಬ್ಲಾಕು. ಆಯ್ತಾ?”

ಸಭೆ ಗೊಳ್ಳೆಂದಿತು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಅವರಿಗೂ ಸಿಟ್ಟು ಬರುತ್ತದೆ ಅಂತ ಆವತ್ತೇ ಎಲ್ಲರಿಗೂ ಗೊತ್ತಾದದ್ದು. “ಇಷ್ಟೆಲ್ಲ ಮಾತಾಡ್ತೀರಲ್ಲ, ನಿಮ್ಮ ಬಗ್ಗೆ ಏನು ಬರೆದಿದೆ ನೋಡೋಣವಾ?” ಅಂತ ಮೇಜಿನ ಮೇಲಿದ್ದ ನೀಲಿ ಪುಸ್ತಕಗಳ ರಾಶಿಯಿಂದ ಒಂದನ್ನು ಎಳೆದರು. ಬಾಣದಮ್ಮನ ಬಗ್ಗೆ ಟೀಚರ್ ಬರೆದ ಪುಸ್ತಕ ಅದು. ಅಧ್ಯಕ್ಷರು ಜೋರಾಗಿ ಓದಿದರು. “ಚೆನ್ನಾಗಿದ್ದಾರೆ. ಟೀ ಕುಡಿದೆವು.” ಮುಂದಿನ ವಾರ, “ಚೆನ್ನಾಗಿದ್ದಾರೆ.” ಹಾಳೆ ತಿರುವಿದರು. “ಚೆನ್ನಾಗಿದ್ದಾರೆ. ಚುರುಕಾಗಿದ್ದಾರೆ.” ಇನ್ನೂ ತಿರುವಿದರು, ಸಿಕ್ಕೇ ಸಿಗುತ್ತದೆ ಅನ್ನುವ ಹಾಗೆ. ನೂರು ವಾರ, ನೂರು ಸಲ, ದುಂಡು ಅಕ್ಷರದಲ್ಲಿ ಅದೇ ಒಂದು ಮಾತು.

ನಿಜ ಏನು ಅಂತ ಬಾಣದಮ್ಮನಿಗೆ ಗೊತ್ತಿತ್ತು. ಒಂದು ಶನಿವಾರ ಅವಳು ಬಚ್ಚಲಲ್ಲಿ ಬಿದ್ದು ಏಳಲಾಗದೆ ಇದ್ದಾಗ ಟೀಚರೇ ಬಂದು ಎತ್ತಿದ್ದು. ಇನ್ನೊಂದು ಶನಿವಾರ ಇವಳು ನಾಲ್ಕನೇ ಬ್ಲಾಕಿಗೆ ಹೋಗಿ, ಯಾರದೋ ಬಾಗಿಲಿಗೆ ತನ್ನ ಬೀಗದ ಕೈ ತುರುಕಿ, ತೆಗೆಯಲಾಗುತ್ತಿಲ್ಲ ಅಂತ ಅತ್ತಾಗ ಕೈ ಹಿಡಿದು ಕರೆತಂದದ್ದು. ಯಜಮಾನರು ಹೋಗಿ ಆರು ವರ್ಷವಾದ ಮೇಲೆ, ಟೀ ಸೋಸುತ್ತಾ, “ಟೀಚರ್, ಇವರು ಇನ್ನೂ ಶಿಫ್ಟ್ ಮುಗಿಸಿ ಬಂದಿಲ್ಲ” ಅಂದದ್ದು. ಎರಡು ಸಲ ಅಂದದ್ದು. ಆ ವಾರವೂ, “ಚೆನ್ನಾಗಿದ್ದಾರೆ. ಟೀ ಕುಡಿದೆವು.”

“ಅದು ಸುಳ್ಳು!” ಅಂತ ಕೂಗಿದಳು. “ನಾನು ಬಿದ್ದಿದ್ದೆ. ಮನೆ ದಾರಿ ತಪ್ಪಿದ್ದೆ. ಸತ್ತ ಗಂಡನಿಗೆ ಟೀ ಸೋಸಿದ್ದೆ. ಬರ್ಕೊಳ್ಳಿ ಸಾರ್, ಪೂರ್ತಿ ಬರ್ಕೊಳ್ಳಿ! ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ, ಇಲ್ಲಾಂದ್ರೆ ಇಬ್ಬರನ್ನೂ ಬಿಡಿ.”

ಅಧ್ಯಕ್ಷರಿಗೆ ಹೋದ ನಗು ವಾಪಸ್ ಬಂತು. ಎದೆಯ ಬಾಣ ಕಿತ್ತು ಮೇಜಿನ ಅಂಚಿಗೆ ಒರೆಸಿದರು. “ಗೆಳತಿ ಮೇಲಿನ ಪ್ರೀತಿಗೆ ಹೇಳ್ತಿದ್ದೀರ, ನನಗೆ ಅರ್ಥ ಆಗುತ್ತೆ. ಆದ್ರೆ ಸಮಿತಿ ನಡೆಯೋದು ದಾಖಲೆ ಮೇಲೆ ಅಮ್ಮಾ. ದಾಖಲೆಯಲ್ಲಿ ನೀವು ಚೆನ್ನಾಗಿದ್ದೀರ.”

ಬಾಣದಮ್ಮ ಇನ್ನೇನೋ ಹೇಳಲು ಬಾಯಿ ತೆಗೆದಳು. ಆಗ ಹಿಂದಿನ ಸಾಲಿನಿಂದ, ಒಂದು ಇಡೀ ತರಗತಿಯನ್ನು ಸುಮ್ಮನಾಗಿಸುವ ದನಿ ಬಂತು.

“ಬಾಣ, ಕೂತ್ಕೋ.”

ಅವಳು ಕೂತಳು.

ಸೋಮವಾರ ಇಬ್ಬರು ಆಳುಗಳು ಬಂದು ಟೀಚರ ಪೆಟ್ಟಿಗೆ, ಪುಸ್ತಕ ಎಲ್ಲ ಕೈಗಾಡಿಗೆ ಏರಿಸಿದರು. ಒಲೆ ಅಲ್ಲೇ ಉಳಿಯಿತು. ಗಾಡಿಯ ಹಿಂದೆ ನಡೆಯುತ್ತಾ ಬಾಣದಮ್ಮ ಕೇಳಿಯೇಬಿಟ್ಟಳು. “ಯಾಕೆ ಟೀಚರ್ ಸುಳ್ಳು ಬರೆದ್ರಿ?”

“ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗನ ಪ್ರೋಗ್ರೆಸ್ ಕಾರ್ಡಲ್ಲಿ ‘ಗಮನ ಸಾಲದು’ ಅಂತ ಬರೆದಿದ್ದೆ ಕಣೇ. ಅವನಿಗೆ ಒಳ್ಳೇದಾಗಲಿ ಅಂತಲೇ. ಮಾರನೇ ದಿನ ಅವನ ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ. ಆಮೇಲೆ ಮೂವತ್ತು ವರ್ಷ ಎಲ್ಲ ಮಕ್ಕಳಿಗೂ ‘ಚೆನ್ನಾಗಿದ್ದಾನೆ’, ‘ಚೆನ್ನಾಗಿದ್ದಾಳೆ’. ತಪ್ಪಿದ್ರೆ ಕಿವಿ ಹಿಂಡಿ ನಾನೇ ತಿದ್ದುತ್ತಿದ್ದೆ. ಬರೆದದ್ದನ್ನ ಯಾರು ಓದ್ತಾರೆ ಅಂತ ಗೊತ್ತಿಲ್ಲದೆ ಬರೀಬಾರದು.”

“ನನಗೆ ಇದನ್ನ ಒಂದು ಮಾತು ಮುಂಚೆ ಹೇಳಬಾರದಿತ್ತಾ?” ಬಾಣದಮ್ಮನಿಗೆ ಈಗ ಟೀಚರ ಮೇಲೂ ಸಿಟ್ಟು ಬಂದಿತ್ತು.

ಟೀಚರ್ ನಿಂತರು. “ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ” ಅಂದರು. “ಮರೆತುಹೋಗ್ತಿತ್ತು.”

ಇಬ್ಬರೂ ನಕ್ಕರು. ನಗುತ್ತಲೇ ಬಾಣದಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆರನೇ ಬ್ಲಾಕಿನ ಬಾಗಿಲಲ್ಲಿ ಒಬ್ಬಳು ನರ್ಸ್, ನೋಡಲು ಬರುವವರು ನಾಲ್ಕರಿಂದ ಐದರೊಳಗೆ ಬರಬೇಕು ಅಂದಳು.

ಆ ತಿಂಗಳ ಕೊನೆಗೆ ಅಧ್ಯಕ್ಷರು ನೀಲಿ ಪುಸ್ತಕಗಳನ್ನು ತೆರೆದರೆ, ಎಲ್ಲದರಲ್ಲೂ ಒಂದೇ ಮಾತು. ಒಂದನೇ ಬ್ಲಾಕಿನಿಂದ ಐದನೇ ಬ್ಲಾಕಿನ ತನಕ, ನಡುಗುವ ಅಕ್ಷರ, ಸೊಟ್ಟ ಅಕ್ಷರ, ಎಲ್ಲರದೂ “ಚೆನ್ನಾಗಿದ್ದಾರೆ.” ಬಾಣದಮ್ಮನಿಗೆ ಈಗ ಜೋಡಿಯಾಗಿರುವುದು ದಿನಕ್ಕೆರಡು ಸಲ ನಲ್ಲಿ ಬಿಟ್ಟು ಮರೆಯುವ ಒಬ್ಬ ಮುದುಕ, ಮೊದಲು ಬಸ್ ಡ್ರೈವರ್ ಆಗಿದ್ದವನು. ಅವನ ಪುಸ್ತಕದಲ್ಲೂ ಹಾಗೇ ಬರೆದಿದ್ದಾಳೆ. ಮೂವತ್ತೊಂದು ವರ್ಷದಲ್ಲಿ ಒಂದು ಕೆಟ್ಟ ಹೊಲಿಗೆಯನ್ನೂ ಪಾಸ್ ಮಾಡದ ಕೈ ಅದು. ಅವನ ನಲ್ಲಿ ನಿಲ್ಲಿಸುವುದಕ್ಕೆ ದಿನಕ್ಕೆರಡು ಸಲ ಅವಳೇ ಹೋಗುತ್ತಾಳೆ. ಅಧ್ಯಕ್ಷರು ಸಭೆ ಕರೆದು, ಇದೇನು ಹುಡುಗಾಟ ಅಂತ ರೇಗಿದರಂತೆ. “ದಾಖಲೆ ಇದೆಯಲ್ಲ ಸಾರ್” ಅಂದನಂತೆ ಡ್ರೈವರ್.

ಗೆದ್ದೆವು ಅಂತ ಕೆಲವರು ಕುಣಿದಾಡಿದರು. ಏನು ಗೆದ್ದದ್ದು, ಮಣ್ಣು? ಟೀಚರ್ ಇನ್ನೂ ಚಿಲಕವಿಲ್ಲದ ಕೋಣೆಯಲ್ಲೇ ಇದ್ದಾರೆ. ಬೆಳಿಗ್ಗೆ ಹತ್ತಕ್ಕೆ ವಾಚನಾಲಯದಲ್ಲಿ ಎಂಟು ಕುರ್ಚಿಗಳಿವೆ, ದನಿ ಇಲ್ಲ. ನಾಲ್ಕು ಗಂಟೆಗೆ ಬಾಣದಮ್ಮ ಪೇಪರ್ ಹಿಡಿದುಕೊಂಡು ಹೋಗುತ್ತಾಳೆ, ಟೀಚರ್ ಅವಳೊಬ್ಬಳಿಗೇ ಓದುತ್ತಾರೆ. ಕೆಲವು ದಿನ ಒಂದೇ ಸುದ್ದಿ ಎರಡು ಸಲ ಬರುತ್ತದೆ. ಇವಳು ಎರಡು ಸಲವೂ ಕೇಳುತ್ತಾಳೆ.

ಇನ್ನೊಂದಿದೆ. ಬಾಣದಮ್ಮನ ಬಚ್ಚಲಿನ ಗೋಡೆಗೂ ಒಂದು ಹಿಡಿಕೆ ಬೇಕು. ಕಳೆದ ವಾರ ಮತ್ತೆ ಕಾಲು ಜಾರಿತು, ಮೊಣಕೈಯ ಚರ್ಮ ಕಿತ್ತು ಬಂತು. ಕೇಳಿದರೆ ಯಾಕೆ ಅನ್ನುತ್ತಾರೆ, ಯಾಕೆ ಅಂತ ಹೇಳಿದರೆ ಬರೆದುಕೊಳ್ಳುತ್ತಾರೆ. ಆದ್ದರಿಂದ ಕೇಳಿಲ್ಲ, ಈಗ ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಹಿಡಿಕೆ ಇರಬೇಕಾದ ಕಡೆ, ಸೊಂಟದ ಎತ್ತರಕ್ಕೆ, ಒದ್ದೆ ಗೋಡೆಯ ಮೇಲೆ ಅವಳೇ ಒಂದು ಕೆಂಪು ಬಾಣ ಅಂಟಿಸಿಕೊಂಡಿದ್ದಾಳೆ. ನೀರು ಬಿದ್ದು ಅದು ದಿನಾ ಕಿತ್ತು ಬರುತ್ತದೆ. ಅವಳು ದಿನಾ ಹೊಸದು ಅಂಟಿಸುತ್ತಾಳೆ.